ಮಿಕ್ಸಿಗೆ ಕುಂಕುಮ ಇಟ್ಟರೆ ರಜೆ ಕೊಟ್ಟ ಹಾಗಾ?

ಭಾಗ 1/8
(ಫೋಟೋ: ಗುಲಾಬಿ ಮಂಜಿನಲ್ಲಿ ನಮ್ಮ ಮನೆ ಸ್ಕೂಟರ್)

ಈ ಸಲದ ದಸರಾ ಫೋಟೋಗಳೆಲ್ಲ ಯಾಕೆ ಮಬ್ಬು ಮಬ್ಬಾಗಿವೆ ಅಂತ ಮೂರು ಜನ ಮೆಸೇಜ್ ಮಾಡಿ ಕೇಳಿದ್ರಿ. ಒಬ್ಬಳಂತೂ "ಯಾವ ಫಿಲ್ಟರ್ ಕಣೇ ಇದು, ಹೇಳೇ ಪ್ಲೀಸ್" ಅಂತ ಎರಡು ಸಲ ಕೇಳಿದ್ಲು.

ಫಿಲ್ಟರ್ ಅಲ್ಲ ಕಣ್ರೋ. ಕುಂಕುಮ.

ಆಯುಧ ಪೂಜೆ ದಿನ ನಮ್ಮಜ್ಜಿ ನನ್ನ ಫೋನಿಗೆ ಕುಂಕುಮ ಇಟ್ಟರು. ಸರಿಯಾಗಿ ಕ್ಯಾಮೆರಾ ಮೇಲೇ ಇಟ್ಟರು. "ಅಯ್ಯೋ ಅಜ್ಜಿ!" ಅಂತ ಕೂಗಿದ್ದಕ್ಕೆ, "ಮೂರು ಕಣ್ಣಿದೆ ಇದಕ್ಕೆ. ಹಣೆ ಎಲ್ಲಿದೆ ಅಂತ ನಾನು ಹುಡುಕ್ಲಾ?" ಅಂದ್ರು. ಉತ್ತರ ಇರಲಿಲ್ಲ. ಆಮೇಲೆ ಒರೆಸಿದೆ, ಆದ್ರೆ ಕುಂಕುಮಕ್ಕೆ ಎಣ್ಣೆ ಸೇರಿತ್ತು ಅನ್ಸುತ್ತೆ. ಇನ್ನೂ ಪೂರ್ತಿ ಹೋಗಿಲ್ಲ.

ಈ ಒಂದು ಚುಕ್ಕೆ ಕುಂಕುಮದಿಂದ ಶುರುವಾಗಿ, ರಜೆ ಅಂದ್ರೆ ಏನು, ಅದು ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋವರೆಗೂ ನನ್ನ ತಲೆ ಓಡಿದೆ. ಬಿಕಾಂ ಓದೋರಿಗೆ ಒಂದು ಕಾಯಿಲೆ ಇರುತ್ತೆ. ಯಾವುದನ್ನ ನೋಡಿದ್ರೂ ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್ ಬರೆದು ಲೆಕ್ಕ ಕೂಡಿಸಬೇಕು ಅನ್ಸುತ್ತೆ. ಈ ಸಲ ದಸರಾ ರಜೆಯ ಲೆಕ್ಕ ಕೂಡಿಸಕ್ಕೆ ಹೋದೆ. ಟ್ಯಾಲಿ ಆಗ್ಲಿಲ್ಲ.

ಎಲ್ಲಿ ತಪ್ಪಿತು ಅಂತ ಎಂಟು ಭಾಗದಲ್ಲಿ ಹೇಳ್ತೀನಿ. ಉದ್ದ ಜಾಸ್ತಿ ಅಂತ ಬೈಬೇಡಿ, ರಜೆ ಇದೆ ಅಲ್ವಾ? ಓದಿ.

ಭಾಗ 2/8
(ಫೋಟೋ: ಅರಮನೆ. ಇದು ಪೂಜೆಗೆ ಮುಂಚೆ ತೆಗೆದಿದ್ದು, ಅದಕ್ಕೇ ಚೆನ್ನಾಗಿದೆ)

ಮೊದಲು ಮೈಸೂರಿನವರ ಒಂದು ಗುಟ್ಟು ಹೇಳ್ಬಿಡ್ತೀನಿ.

ನಾನು ಬೆಂಗಳೂರಲ್ಲಿ ಓದ್ತಿದ್ದೀನಿ. ಕ್ಲಾಸಲ್ಲಿ ಎಲ್ಲರೂ ನನ್ನನ್ನ ದಸರಾ ಕಮಿಟಿ ಅಧ್ಯಕ್ಷೆ ಅಂದ್ಕೊಂಡಿದ್ದಾರೆ. "ಪಾಸ್ ಸಿಗುತ್ತಾ?" "ಆನೆ ಹತ್ರದಿಂದ ಕಾಣೋ ಜಾಗ ಯಾವುದು?" "ನಿಮ್ಮ ಮನೆ ಟೆರೇಸಿಂದ ಅಂಬಾರಿ ಕಾಣುತ್ತಾ?" ನಮ್ಮ ಮನೆ ಟೆರೇಸಿಂದ ಪಕ್ಕದ ಮನೆ ಸಿಂಟೆಕ್ಸ್ ಟ್ಯಾಂಕ್ ಕಾಣುತ್ತೆ, ಅಷ್ಟೆ.

ನಾನು ಹುಟ್ಟಿ ಬೆಳೆದಿದ್ದು ಮೈಸೂರಲ್ಲೇ. ಆದ್ರೂ ಜಂಬೂ ಸವಾರೀನ ನೇರವಾಗಿ ನೋಡಿರೋದು ಒಂದೇ ಸಲ. ಆರು ವರ್ಷದವಳಿದ್ದೆ, ಅಪ್ಪನ ಹೆಗಲ ಮೇಲೆ ಕೂತಿದ್ದೆ. ನೆನಪಿರೋದು ಮುಂದಿದ್ದವರ ಕಪ್ಪು ಛತ್ರಿ ಮಾತ್ರ. ಅದಾದ ಮೇಲೆ ಪ್ರತಿ ವರ್ಷ ಟಿವೀಲೇ. 750 ಕೆಜಿ ಅಂಬಾರಿ ಹೊತ್ತು ಅರ್ಜುನ ನಡೆದಿದ್ದನ್ನೂ ಟಿವೀಲೇ ನೋಡಿದ್ದು, 2020ರಿಂದ ಅಭಿಮನ್ಯು ನಡೆಯೋದನ್ನೂ ಟಿವೀಲೇ ನೋಡ್ತಿರೋದು. ಅರಮನೆ ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರ್. ಆ ದಿನ ಆ ನಾಲ್ಕೈದು ಕಿಲೋಮೀಟರ್ ದಾಟೋದಕ್ಕಿಂತ ಬೆಂಗಳೂರಿಗೆ ಹೋಗಿ ಬರೋದು ಸುಲಭ.

ನಮ್ಮ ದಸರಾ ಬೇರೆ. ಸಂಜೆ ಏಳಕ್ಕೆ ಅರಮನೆ ದೀಪ ಹತ್ತೋ ಆ ಒಂದು ಕ್ಷಣ ನಮ್ಮ ದಸರಾ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ವರ್ಷವಿಡೀ ಭಾನುವಾರದ ಸಂಜೇನೂ ಹತ್ತುತ್ತೆ, ಆದ್ರೂ ಪ್ರತಿ ಸಲ ಬಾಯಲ್ಲಿ "ಓ..." ಬಂದೇ ಬರುತ್ತೆ. ವಸ್ತುಪ್ರದರ್ಶನದಲ್ಲಿ ಮುಖಕ್ಕಿಂತ ದೊಡ್ಡ ಡೆಲ್ಲಿ ಹಪ್ಪಳ ಹಿಡ್ಕೊಂಡು, ಮಸಾಲೆ ಮೂಗಿಗೆ ಮೆತ್ತಿಸ್ಕೊಂಡು ತಿನ್ನೋದು ನಮ್ಮ ದಸರಾ. ಚಿಕ್ಕವರಿದ್ದಾಗ ನಾನೂ ನನ್ನ ತಮ್ಮನೂ ಬೀದಿಯ ಮನೆ ಮನೆ ಬಾಗಿಲಿಗೆ ಹೋಗಿ "ಆಂಟೀ, ಗೊಂಬೆ ಕೂರಿಸಿದ್ದೀರಾ?" ಅಂತ ಕೇಳ್ತಿದ್ವಿ. ಒಂದೇ ಸಂಜೆ ಒಂಬತ್ತು ಮನೆ. ಯಾರ ಮನೇಲಿ ಚಕ್ಕುಲಿ, ಯಾರ ಮನೇಲಿ ಬರೀ ಕಲ್ಲುಸಕ್ಕರೆ ಅಂತ ನಮ್ಮ ಹತ್ರ ಪಟ್ಟಿ ಇತ್ತು. ಕ್ರೆಡಿಟ್ ರೇಟಿಂಗ್ ಅಂದ್ರೇನು ಅಂತ ನಾನು ಕಲಿತಿದ್ದು ಅಲ್ಲಿ, ಕಾಲೇಜಲ್ಲಿ ಅಲ್ಲ.

ಭಾಗ 3/8
(ಫೋಟೋ: ದೇವರ ಮುಂದೆ ನನ್ನ ಕಾಸ್ಟ್ ಅಕೌಂಟಿಂಗ್ ಪುಸ್ತಕ, ಮೇಲೆ ಕ್ಯಾಲ್ಕುಲೇಟರ್, ಅದರ ಮೇಲೆ ಚೆಂಡು ಹೂ)

ಪ್ರಪಂಚದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾಡಿರೋ ಅತ್ಯುತ್ತಮ ಕಾನೂನು ಯಾವುದು ಗೊತ್ತಾ? ಸರಸ್ವತಿ ಪೂಜೆ.

ನಮ್ಮ ಮನೇಲಿ ಆ ದಿನ ಪುಸ್ತಕ ಪೂಜೆಗೆ ಇಟ್ಟರೆ ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ. ಓದೋ ಹಾಗಿಲ್ಲ, ಬರೆಯೋ ಹಾಗೂ ಇಲ್ಲ. ರಜೆ ಮುಗಿದ ಸೋಮವಾರವೇ ನಮಗೆ ಇಂಟರ್ನಲ್ಸ್ ಇತ್ತು. ಅಮ್ಮ "ಪರೀಕ್ಷೆ ಇದೆ ಅಂತೀಯ, ಒಂದೆರಡು ಪುಸ್ತಕ ಇಟ್ಟು ಮಿಕ್ಕಿದ್ದು ಓದ್ಕೋ" ಅಂದ್ಲು. ಛೇ ಛೇ, ಸರಸ್ವತಿಗೆ ಹಾಗೆಲ್ಲ ಮೋಸ ಮಾಡೋದಾ? ಎಲ್ಲಾ ಪುಸ್ತಕ ಇಟ್ಟೆ. ನೋಟ್ಸ್ ಇಟ್ಟೆ. ಜೆರಾಕ್ಸ್ ಇಟ್ಟೆ. ಹಳೇ ಪ್ರಶ್ನೆಪತ್ರಿಕೆ ಇಟ್ಟೆ. ನನ್ನ ಭಕ್ತಿ ನೋಡಿ ತಮ್ಮನೇ ಹೆದರಿಬಿಟ್ಟ.

ತಮಾಷೆ ಪಕ್ಕಕ್ಕಿಡಿ. ಈ ಪದ್ಧತಿ ಮಾಡಿದವರು ಯಾರೋ ಬಹಳ ಬುದ್ಧಿವಂತರು ಅನ್ಸುತ್ತೆ. ರಜೆ ಅಂದ್ರೆ ಈಗ ನಮಗೆಲ್ಲ "ಸಿಕ್ಕಿದ ಟೈಮಲ್ಲಿ ಇನ್ನೇನು ಮಾಡಬಹುದು" ಅಂತ. ಆನ್‌ಲೈನ್ ಕೋರ್ಸ್ ಮುಗಿಸ್ಕೋ, ಇಂಟರ್ನ್‌ಶಿಪ್ ಹುಡುಕು, ರೆಸ್ಯೂಮೆ ತಿದ್ದು. ನನ್ನ ಪಿಜಿ ರೂಮ್‌ಮೇಟ್ ಹತ್ತು ದಿನದ ರಜೆಗೆ ಟೈಮ್‌ಟೇಬಲ್ ಹಾಕಿದ್ಲು, ಅದರಲ್ಲಿ "ರೆಸ್ಟ್" ಅನ್ನೋದಕ್ಕೂ ಅರ್ಧ ಗಂಟೆಯ ಚೌಕ ಇತ್ತು. ಆ ಕಾಲದವರು ಮಾತ್ರ ನೇರವಾಗಿ ಹೇಳಿದ್ರು: ಕೆಲಸದ ಸಾಮಾನು ಕೆಳಗಿಡು. ಅದಕ್ಕೆ ನಮಸ್ಕಾರ ಮಾಡು. ಇವತ್ತು ಅದನ್ನ ಮುಟ್ಟಬೇಡ.

ಆಯುಧ ಪೂಜೆಯ ತಿರುಳೇ ಇದು ಅಂತ ನನಗನ್ಸುತ್ತೆ. ವರ್ಷವಿಡೀ ನಮಗೆ ದುಡಿದಿದ್ದಕ್ಕೆ ಒಂದು ದಿನ ಥ್ಯಾಂಕ್ಸ್ ಹೇಳಿ ಸುಮ್ಮನೆ ಬಿಡೋದು.

ಈ ಸಾಲು ನೆನಪಿಟ್ಕೊಳ್ಳಿ. ಮುಂದೆ ಇದೇ ನನ್ನ ತಲೆ ಕೆಡಿಸುತ್ತೆ.

ಭಾಗ 4/8
(ಫೋಟೋ: ಬಾಳೆಕಂದು ಕಟ್ಟಿಸ್ಕೊಂಡು ಮದುಮಗನ ಹಾಗೆ ನಿಂತಿರೋ ಆಟೋ)

ಆಯುಧ ಪೂಜೆ ದಿನ ಮೈಸೂರಿನ ರಸ್ತೇಲಿ ಒಂದು ರೌಂಡ್ ಹೋಗಿ ಬನ್ನಿ. ಬಸ್ಸಿನ ಮುಂದೆ ಬಾಳೆಕಂದು, ಡ್ರೈವರ್‌ಗೆ ರಸ್ತೆ ಹೇಗೆ ಕಾಣುತ್ತೋ ಆ ಚಾಮುಂಡೇಶ್ವರಿಗೇ ಗೊತ್ತು. ಲೇತ್ ಮೆಷಿನ್‌ಗೆ ಹಾರ. ಜೆರಾಕ್ಸ್ ಅಂಗಡಿಯ ಪ್ರಿಂಟರ್‌ಗೆ ವಿಭೂತಿ. ಎಟಿಎಂಗೂ ಕುಂಕುಮ, ಅದು ಮಾತ್ರ ನ್ಯಾಯ, ತಿಂಗಳ ಕೊನೆಯಲ್ಲಿ ನಾನು ಅದರ ಮುಂದೆ ಕೈ ಮುಗಿದೇ ನಿಲ್ಲೋದು. ಯಾವ ಅಂಗಡಿಗೆ ಹೋದ್ರೂ ಕೈಗೊಂದು ಕಡ್ಲೆಪುರಿ ಪೊಟ್ಟಣ.

ನಮ್ಮ ಮನೆ ಹೀರೋ ಅಪ್ಪನ ಹಳೇ ಸ್ಕೂಟರ್. ನನಗಿಂತ ಒಂದು ವರ್ಷ ದೊಡ್ಡದು. ಅಕೌಂಟ್ಸಲ್ಲಿ ಡಿಪ್ರಿಸಿಯೇಷನ್ ಅಂತ ಒಂದಿದೆ, ಕಾಮರ್ಸ್ ಓದದವರಿಗೆ ಹೇಳ್ತೀನಿ. ವಸ್ತು ಹಳೇದಾದ ಹಾಗೆ ಪುಸ್ತಕದಲ್ಲಿ ಅದರ ಬೆಲೆ ವರ್ಷ ವರ್ಷ ಇಳಿಸ್ತಾ ಬರೋದು. ಅದರಲ್ಲಿ ಒಂದು ವಿಧಾನ ಇದೆ, ಪ್ರತಿ ವರ್ಷ ಉಳಿದಿರೋ ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಕಳೀತಾ ಹೋಗೋದು. ಅದರ ಮಜಾ ಏನಪ್ಪಾ ಅಂದ್ರೆ, ಎಷ್ಟು ವರ್ಷ ಕಳೆದ್ರೂ ಬೆಲೆ ಪೂರ್ತಿ ಸೊನ್ನೆ ಆಗಲ್ಲ. ಒಂದು ಚೂರು ಉಳಿದೇ ಉಳಿಯುತ್ತೆ. ಮೊದಲನೇ ವರ್ಷ ಅದನ್ನ ಓದಿದಾಗ ನನಗೆ ಅಪ್ಪನ ಸ್ಕೂಟರ್ ನೆನಪಾಗಿತ್ತು. ಗುಜರಿಯವನು ಎರಡು ಸಾವಿರ ಕೊಡ್ತೀನಿ ಅಂದಿದ್ದ. ಅಪ್ಪ ಅದಕ್ಕೆ ದೇವರಾಜ ಮಾರ್ಕೆಟ್ಟಿಂದ ಎಲ್ಲಕ್ಕಿಂತ ದೊಡ್ಡ ಹಾರ ತಂದು ಹಾಕಿದ್ರು.

ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು, ಬೂದುಗುಂಬಳ ಒಡೆಯೋ ಕಾರ್ಯಕ್ರಮ. ಒಳಗಿರೋ ಚಿಲ್ಲರೆಗೆ ಬೀದಿ ಮಕ್ಕಳೆಲ್ಲ ರೆಡಿ. ಇಲ್ಲಿ ಒಂದು ಮಾತು ಸೀರಿಯಸ್ಸಾಗಿ: ಒಡೆದ ಮೇಲೆ ರಸ್ತೆಯಿಂದ ತೆಗೀರಿ. ಕುಂಬಳದ ತಿರುಳಿನ ಮೇಲೆ ಟೂ ವೀಲರ್ ಹೋದ್ರೆ ಜಾರೋದು ಗ್ಯಾರಂಟಿ. ದೃಷ್ಟಿ ತೆಗೆಯಕ್ಕೆ ಒಡೆದಿದ್ದು ಇನ್ನೊಬ್ಬರ ಮಂಡಿ ಒಡೆಯಬಾರದು ಅಲ್ವಾ? ನಮ್ಮ ಮನೇಲಿ ಒಡೆಯೋದು ಅಪ್ಪ, ಗುಡಿಸೋದು ತಮ್ಮ. ಅವನು ಮುಖ ಊದಿಸ್ಕೊಂಡೇ ಗುಡಿಸ್ತಾನೆ, ಆದ್ರೆ ಗುಡಿಸ್ತಾನೆ.

ಭಾಗ 5/8
(ಫೋಟೋ ಇಲ್ಲ. ಯಾಕೆ ಇಲ್ಲ ಅಂತ ಓದಿದ್ರೆ ಗೊತ್ತಾಗುತ್ತೆ)

ಪೂಜೆ ಮುಗೀತು. ನಾನು ಕುಂಕುಮ ಹತ್ತಿದ ಫೋನ್ ಎತ್ಕೊಂಡು ಸೋಫಾ ಮೇಲೆ ಬಿದ್ಕೊಂಡೆ. ಪೂಜೆಗೆ ಇಟ್ಟು ಎರಡು ನಿಮಿಷ ಆಗಿರಬಹುದು.

ಅಜ್ಜಿ ನೋಡಿದ್ರು.

"ಏನೇ, ಆಯುಧಾನ ಇಷ್ಟು ಬೇಗ ಎತ್ಕೊಂಡೆ?"

"ಅಜ್ಜಿ, ಪುಸ್ತಕ ಎಲ್ಲಾ ಇಟ್ಟಿದ್ದೀನಲ್ಲ."

"ಪುಸ್ತಕ ಇಟ್ಟೆ, ಸರಿ. ಅದನ್ನ ನೀನು ವರ್ಷಕ್ಕೆ ಎರಡು ಸಲ ಮುಟ್ತೀಯ. ದಿನವಿಡೀ ಕೈಯಲ್ಲಿ ಇರೋ ಆಯುಧ ಯಾವುದು?"

ಹೇಳಿ ಫ್ರೆಂಡ್ಸ್, ಇದಕ್ಕೆ ಏನು ಉತ್ತರ ಕೊಡೋದು? ವರ್ಷಕ್ಕೆ ಎರಡು ಸೆಮಿಸ್ಟರ್ ಅಂತ ಅಜ್ಜಿಗೆ ಯಾರು ಹೇಳಿದ್ರು ಅನ್ನೋದು ಬೇರೆ ಪ್ರಶ್ನೆ.

ತಮ್ಮ ಪಕ್ಕದಲ್ಲಿ ಕೂತು ಕಿಸಕ್ಕಂತ ನಕ್ಕ. ಅಜ್ಜಿ ಅವನ ಕಡೆ ತಿರುಗಿ "ನಿಂದೂ ತಾ" ಅಂದ್ರು. ನಗು ನಿಂತಿತು. ಸಂಜೆ ಐದು ಗಂಟೆಗೆ ಎರಡೂ ಫೋನ್ ಸ್ವಿಚ್ಚಾಫ್ ಆಗಿ ಪಟ್ಟದ ಗೊಂಬೆಗಳ ಪಕ್ಕ ಕೂತವು. ರಾಜ, ರಾಣಿ, ಸೆಟ್ಟಿ, ಸೆಟ್ಟಿ ಹೆಂಡತಿ, ಎರಡು ಫೋನು. ಬಿಡುಗಡೆ ಮಾರನೇ ದಿನ ಬೆಳಗ್ಗೆ ಅಂತ ತೀರ್ಮಾನ ಆಯ್ತು.

ಮೊದಲನೇ ಅರ್ಧ ಗಂಟೆ ನನ್ನ ಕೈಗೆ ಏನು ಮಾಡಬೇಕು ಅಂತಾನೇ ಗೊತ್ತಾಗ್ಲಿಲ್ಲ. ಮೂರು ಸಲ ಖಾಲಿ ಜೇಬು ಮುಟ್ಕೊಂಡೆ. ಟೈಮ್ ನೋಡಕ್ಕೆ ಫೋನ್ ಹುಡುಕ್ದೆ, ಗೋಡೆ ಮೇಲೆ ಇಪ್ಪತ್ತು ವರ್ಷದಿಂದ ಗಡಿಯಾರ ಇದೆ ಅನ್ನೋದು ಮರ್ತೇಹೋಗಿತ್ತು. ನನ್ನ ಬಗ್ಗೆ ನನಗೇ ಸ್ವಲ್ಪ ನಾಚಿಕೆ ಆಯ್ತು, ಸುಳ್ಳು ಹೇಳಲ್ಲ.

ಮಾರನೇ ದಿನ ಆನ್ ಮಾಡಿದಾಗ ಏನೇನು ಕಳ್ಕೊಂಡಿದ್ದೆ ಅಂತ ಕೇಳ್ತೀರಾ? ಹನ್ನೊಂದು ಮೆಸೇಜ್. ಎಂಟು ಒಂದೇ ದುರ್ಗೆಯ ಫೋಟೋ ಇರೋ ಹಬ್ಬದ ಫಾರ್ವರ್ಡ್. ಒಂದು ರೀಚಾರ್ಜ್ ಮುಗೀತಾ ಬಂತು ಅಂತ. ಒಂದು ಕ್ಲಾಸ್ ಗ್ರೂಪಲ್ಲಿ "ಸಿಲಬಸ್ ಯಾರ ಹತ್ರ ಇದೆ". ಇನ್ನೊಂದು ಹುಬ್ಬಳ್ಳಿಯ ರೂಮ್‌ಮೇಟ್‌ದು: "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು." ಹದಿನಾಲ್ಕು ಗಂಟೆಯಲ್ಲಿ ನಿಜವಾಗ್ಲೂ ನನಗೆ ಅಂತ ಬಂದಿದ್ದು ಅದೊಂದೇ. ಅದೂ ಕಾಯ್ತಾ ಇತ್ತು, ಎಲ್ಲೂ ಹೋಗಿರಲಿಲ್ಲ.

ಭಾಗ 6/8
(ಫೋಟೋ: ಹುಣಸೆ ಬೀಜ. ಹದಿನೇಳು. ಎಣಿಸಿ ನೋಡಿ)

ಫೋನ್ ಇಲ್ಲದ ಆ ಸಂಜೆ ಅಜ್ಜಿ ಚೌಕಾಬಾರದ ಮಣೆ ತೆಗೆದ್ರು. ಅಜ್ಜಿ, ನಾನು, ತಮ್ಮ. ನಾಲ್ಕನೆಯವಳು ಬೇಕಲ್ಲ, ಅಮ್ಮನ್ನ ಎಳ್ಕೊಂಡು ಬಂದ್ವಿ.

ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ. ನಮ್ಮಜ್ಜಿ ಮೋಸ ಮಾಡ್ತಾರೆ. ಕವಡೆ ಮೂರು ಬಿದ್ರೆ "ನಾಲ್ಕು, ಚೌಕ!" ಅಂತ ಕೂಗಿ ಕವಡೆ ಬಾಚ್ಕೊಂಡ್ಬಿಡ್ತಾರೆ. ಕೇಳಿದ್ರೆ "ನನಗೆ ಕಣ್ಣು ಮಂಜು ಕಣೇ" ಅಂತಾರೆ. ನನ್ನ ಕಾಯಿ ಕಡಿಯುವಾಗ ಮಾತ್ರ ಮಂಜು ಇರಲ್ಲ.

ಆಟ ಜೋರಾಗಿತ್ತು. ಆದ್ರೆ ಪ್ರತಿ ಸಲ ಅಮ್ಮನ ಸರದಿ ಬಂದಾಗ ಅಮ್ಮ ಇರ್ತಿರಲಿಲ್ಲ. ಕುಕ್ಕರ್ ಕೂಗ್ತು, ಎದ್ದಳು. ಅರಿಶಿನ ಕುಂಕುಮಕ್ಕೆ ಪಕ್ಕದ ಮನೆಯವರು ಬಂದ್ರು, ಎದ್ದಳು. ಉಸಲಿಗೆ ಒಗ್ಗರಣೆ, ಎದ್ದಳು. ಅಪ್ಪ ಕಾಫಿ ಅಂದ್ರು, ಎದ್ದಳು. "ನನ್ನ ಆಟ ನೀವೇ ಆಡಿ ಅತ್ತೆ" ಅಂತ ಹೇಳಿ ಹೋಗೋದು, ಅಜ್ಜಿ ಅಮ್ಮನ ಕಾಯಿಗೂ ಮೋಸ ಮಾಡಿ ಮುಂದಕ್ಕೆ ನಡೆಸೋದು.

ಫೋನ್ ಕೈಯಲ್ಲಿ ಇದ್ದಿದ್ರೆ ನಾನು ಇದನ್ನ ನೋಡ್ತಾನೇ ಇರಲಿಲ್ಲ. ಬರೆಯೋ ಹಾಗೂ ಇಲ್ವಲ್ಲ, ಅದಕ್ಕೆ ಅಮ್ಮ ಎದ್ದಾಗೆಲ್ಲ ಒಂದೊಂದು ಹುಣಸೆ ಬೀಜ ಪಕ್ಕಕ್ಕಿಟ್ಟೆ. ಎರಡು ಗಂಟೆಯ ಆಟ. ಹದಿನೇಳು ಬೀಜ.

ಆಗ ಅಡುಗೆಮನೆ ಕಡೆ ನೋಡಿದೆ. ಮಿಕ್ಸಿ ಮೇಲೆ ಕುಂಕುಮ. ಗ್ಯಾಸ್ ಸ್ಟವ್ ಮೇಲೆ, ತುರಿಮಣೆ ಮೇಲೆ, ಗ್ರೈಂಡರ್ ಮೇಲೆ ಕುಂಕುಮ. ಬೆಳಗ್ಗೆ ಐದಕ್ಕೆ ಇಟ್ಟಿದ್ದು. ಐದೂಹತ್ತಕ್ಕೆ ಮಿಕ್ಸಿ ತಿರುಗ್ತಾ ಇತ್ತು. ಸ್ಕೂಟರ್‌ಗೆ ರಜೆ, ಅಪ್ಪನ ಆಫೀಸ್ ಕಂಪ್ಯೂಟರ್‌ಗೆ ರಜೆ, ನನ್ನ ಪುಸ್ತಕಕ್ಕಂತೂ ಭರ್ಜರಿ ರಜೆ. ಅಮ್ಮನ ಆಯುಧಗಳಿಗೆ ಮಾತ್ರ ಪೂಜೆ ಇದೆ, ರಜೆ ಇಲ್ಲ. ಮಾಮೂಲಿ ದಿನಕ್ಕಿಂತ ಡಬಲ್ ಡ್ಯೂಟಿ.

ನಾವು ಕಾಸ್ಟ್ ಶೀಟ್ ಬರೀತೀವಿ. ಒಂದು ವಸ್ತು ತಯಾರಾಗಕ್ಕೆ ಸಾಮಗ್ರಿ ಎಷ್ಟು, ಕೂಲಿ ಎಷ್ಟು, ಮಿಕ್ಕ ಖರ್ಚು ಎಷ್ಟು ಅಂತ. ಅವತ್ತು ಮಾಡಿದ ಒಬ್ಬಟ್ಟಿಗೆ ತಲೇಲೇ ಒಂದು ಹಾಕ್ದೆ. ಬೇಳೆ, ಬೆಲ್ಲ, ಮೈದಾ, ತುಪ್ಪ, ಗ್ಯಾಸ್. ಕೂಲಿ ಅನ್ನೋ ಸಾಲಿಗೆ ಬಂದಾಗ ಖಾಲಿ. ಪರೀಕ್ಷೇಲಿ ಆ ಸಾಲು ಬಿಟ್ಟರೆ ಸೊನ್ನೆ ಕೊಡ್ತಾರೆ. ಮನೇಲಿ ಯಾರೂ ಕೇಳಲ್ಲ. ಮನೇಲಿ ಮಾತ್ರ ಅಲ್ಲ, ದೇಶದ ಜಿಡಿಪಿಯಲ್ಲೂ ಮನೆಯವರಿಗೋಸ್ಕರ ಸಂಬಳ ಇಲ್ಲದೆ ಮಾಡೋ ಅಡುಗೆ, ಕ್ಲೀನಿಂಗ್ ಲೆಕ್ಕಕ್ಕೆ ಬರಲ್ಲ. 2019ರಲ್ಲಿ ಸರ್ಕಾರವೇ ಮಾಡಿದ ಟೈಮ್ ಯೂಸ್ ಸರ್ವೇ ಪ್ರಕಾರ, ಮನೆಕೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಮನೆಕೆಲಸ ಮಾಡೋ ಗಂಡಸರು 97 ನಿಮಿಷ. ಅದು ಮಾಮೂಲಿ ದಿನದ ಲೆಕ್ಕ. ಹಬ್ಬದ ದಿನದ ಲೆಕ್ಕ ನಿಮ್ಮ ನಿಮ್ಮ ಮನೇಲಿ ನೀವೇ ಹುಣಸೆ ಬೀಜ ಇಟ್ಟು ನೋಡಿ.

ಭಾಗ 7/8
(ಫೋಟೋ: ಅಪ್ಪ ಮಾಡಿದ ಚಿತ್ರಾನ್ನ. ಬಣ್ಣ ಹಾಗಿರೋದಕ್ಕೆ ಕುಂಕುಮ ಕಾರಣ ಅಲ್ಲ, ಅರಿಶಿನ ಕಾರಣ)

ರಾತ್ರಿ ಊಟ ಆದ್ಮೇಲೆ ಹದಿನೇಳು ಬೀಜ ಅಪ್ಪನ ಮುಂದೆ ಸುರಿದೆ. ಆಡಿಟ್ ರಿಪೋರ್ಟ್ ಥರ. ಅಪ್ಪ ಸ್ವಲ್ಪ ಹೊತ್ತು ಬೀಜ ನೋಡಿದ್ರು, ಆಮೇಲೆ "ಅದರಲ್ಲಿ ಕಾಫಿಗೆ ಎಷ್ಟು?" ಅಂದ್ರು. "ನಾಲ್ಕು." ಸುಮ್ಮನಾದ್ರು.

ವಿಜಯದಶಮಿ ದಿನ ಅಡುಗೆ ನಮ್ಮದು ಅಂತ ಅಪ್ಪನೇ ಘೋಷಣೆ ಮಾಡಿದ್ರು. ಅಮ್ಮ "ಆಯ್ತು ಬಿಡಿ, ನೋಡೋಣ" ಅಂದ್ಲು. ಆ "ನೋಡೋಣ"ದಲ್ಲಿ ನಂಬಿಕೆ ಒಂದು ಚಿಟಿಕೆಯೂ ಇರಲಿಲ್ಲ.

ಅಪ್ಪ ಚಿತ್ರಾನ್ನ, ನಾನು ಸಾರು ಮತ್ತು ಕೋಸಂಬರಿ, ತಮ್ಮ ಕಾಯಿ ತುರಿಯೋದು. ಐದೇ ನಿಮಿಷ.

"ಸಾಸಿವೆ ಎಲ್ಲಿದೆ?" ಅಪ್ಪ.

"ಎರಡನೇ ಸಾಲು, ಎಡಗಡೆ, ಹಾರ್ಲಿಕ್ಸ್ ಬಾಟಲಿ." ಹಾಲಿನಿಂದ ಅಮ್ಮ.

"ಇಂಗು?"

"ಅದರ ಹಿಂದೆ. ಹಳದಿ ಡಬ್ಬಿ ಅಲ್ಲ, ಬಿಳೀದು."

"ಅಮ್ಮಾ, ಬೇಳೆಗೆ ನೀರು ಎಷ್ಟು?"

ಅಮ್ಮ ಸೋಫಾ ಮೇಲೆ ಕೂತಿದ್ಲು ನಿಜ. ಆದ್ರೆ ಇಡೀ ಸ್ಟೋರ್ ರೂಮಿನ ಸ್ಟಾಕ್ ರಿಜಿಸ್ಟರ್ ಅವಳ ತಲೇಲೇ ಓಡ್ತಾ ಇತ್ತು. ಮೈ ರಜೇಲಿದೆ, ತಲೆ ಡ್ಯೂಟೀಲಿದೆ. ಹತ್ತನೇ ಪ್ರಶ್ನೆಗೆ ಅಜ್ಜಿ ಸಿಟ್ಟಾದ್ರು. "ಆ ಮನೇಲಿ ನೀನು ಎಷ್ಟು ವರ್ಷದಿಂದ ಊಟ ಮಾಡ್ತಿದ್ದೀಯೋ? ಡಬ್ಬಿ ತೆಗೆದು ನೋಡಕ್ಕಾಗಲ್ವಾ?" ಇದು ಅಪ್ಪನಿಗೆ. ಅಡುಗೆಮನೆ ಬಾಗಿಲು ಹಾಕ್ಕೊಂಡ್ವಿ. ಆಮೇಲೆ ಡಬ್ಬಿ ತೆಗೆದು ಮೂಸಿ ನೋಡಿ ಕಂಡುಹಿಡಿದ್ವಿ. ಸಾರಿಗೆ ಉಪ್ಪು ಎರಡು ಸಲ ಬಿತ್ತು, ನಾನೂ ಹಾಕ್ದೆ, ಅಪ್ಪನೂ ಹಾಕಿದ್ರು. ಡಬಲ್ ಎಂಟ್ರಿ ಅಂದ್ರೆ ಇದೇ ಅಂತ ತಮ್ಮ ಹೇಳಿದ. ಕಾಮರ್ಸ್ ಓದ್ದೇನೇ ಹೇಳಿದ, ಅದಕ್ಕೆ ಮಾರ್ಕ್ಸ್ ಕೊಡ್ಲೇಬೇಕು.

ಮಧ್ಯಾಹ್ನ ಟಿವೀಲಿ ಜಂಬೂ ಸವಾರಿ ಶುರುವಾಯ್ತು. ನಂದಿಧ್ವಜ ಪೂಜೆ, ಸ್ತಬ್ಧಚಿತ್ರಗಳು, ಡೊಳ್ಳು, ವೀರಗಾಸೆ. ಅಮ್ಮ ಕಾಲು ಮೇಲೆ ಮಡಚ್ಕೊಂಡು ಕೂತು ನೋಡಿದ್ಲು. ಪುಷ್ಪಾರ್ಚನೆ ಆಯ್ತು, ಕುಶಾಲತೋಪು ಹಾರಿತು, ಅಭಿಮನ್ಯು ಹೆಜ್ಜೆ ಹಾಕಿದ. ಅಮ್ಮ ಮುಂದಕ್ಕೆ ಬಗ್ಗಿ ನೋಡ್ತಾನೇ ಇದ್ಲು. ಆಮೇಲೆ ಅಂದ್ಲು:

"ಆನೆ ಇಷ್ಟು ನಿಧಾನಕ್ಕೆ ನಡೆಯುತ್ತಾ? ನಾನು ಕೈ ಒರೆಸ್ಕೊಂಡು ಬರೋಷ್ಟರಲ್ಲಿ ಯಾವಾಗ್ಲೂ ಮುಂದೆ ಹೋಗಿಬಿಟ್ಟಿರ್ತಿತ್ತು. ಓಡುತ್ತೆ ಅಂದ್ಕೊಂಡಿದ್ದೆ."

ಎಲ್ರೂ ನಕ್ವಿ. ಅಮ್ಮನೂ ನಕ್ಕಳು. ಅಪ್ಪ ಮಾತ್ರ ಎದ್ದು ಹೋಗಿ ಕಾಫಿ ಇಟ್ಟರು.

ಅಮ್ಮ ಈ ಮನೆಗೆ ಬಂದು ಇಪ್ಪತ್ಮೂರು ದಸರಾ ಆಯ್ತು.

ಭಾಗ 8/8
(ಫೋಟೋ: ತಳ ಹಿಡಿದ ಬಾಣಲೆ)

ಇಲ್ಲಿಗೆ ಮುಗಿಸಿದ್ರೆ ಚೆನ್ನಾಗಿರ್ತಿತ್ತು, ಆದ್ರೆ ಲೆಕ್ಕ ಸುಳ್ಳಾಗುತ್ತೆ. ರಾತ್ರಿ ಹತ್ತಕ್ಕೆ ನೀರು ಕುಡಿಯಕ್ಕೆ ಎದ್ದಾಗ ಅಮ್ಮ ಒಬ್ಬಳೇ ನಿಂತು ನಾವು ತಳ ಹಿಡಿಸಿದ ಬಾಣಲೆ ಉಜ್ಜುತಾ ಇದ್ಲು. ನಾವು ಅಡುಗೆ ಮಾಡಿದ್ವಿ, ಸ್ಟೋರಿ ಹಾಕಿದ್ವಿ, ಮಲಗಿದ್ವಿ. ಪಾತ್ರೆ ಅನ್ನೋದೊಂದು ಇರುತ್ತೆ ಅಂತ ಯಾರಿಗೂ ಹೊಳೆದಿರಲಿಲ್ಲ. ಬಾಣಲೆ ಕಿತ್ಕೊಂಡೆ. ಅರ್ಧ ಅವಳು ಉಜ್ಜಿ ಆಗಿತ್ತು.

ಅದಕ್ಕೇ ಹೇಳಿದ್ದು, ಟ್ಯಾಲಿ ಆಗ್ಲಿಲ್ಲ ಅಂತ. ಇಪ್ಪತ್ಮೂರು ವರ್ಷದ ಬಾಕಿ ಒಂದು ಮಧ್ಯಾಹ್ನದ ಚಿತ್ರಾನ್ನಕ್ಕೆ ತೀರಲ್ಲ.

ಹಬ್ಬ ಬೇಡ, ಒಬ್ಬಟ್ಟು ಬೇಡ, ಎಲ್ಲಾ ಹೋಟೆಲಿಂದ ತರಿಸಿ ಅಂತ ನಾನು ಹೇಳ್ತಿಲ್ಲ. ಒಬ್ಬಟ್ಟಿನ ವಿಷಯದಲ್ಲಿ ನಾನು ರಾಜಿ ಆಗೋ ಪೈಕಿ ಅಲ್ಲ. ನನ್ನ ಅಭಿಪ್ರಾಯ ಇಷ್ಟೇ: ಆಯುಧ ಪೂಜೆ ಅಂದ್ರೆ ಕೆಲಸದ ಸಾಮಾನು ಕೆಳಗಿಡೋ ದಿನ ಆದ್ರೆ, ಅಡುಗೆಮನೆಯ ಸಾಮಾನೂ ಅದರಲ್ಲಿ ಸೇರಬೇಕು. ಕುಂಕುಮ ಇಟ್ಟು ಐದೇ ನಿಮಿಷಕ್ಕೆ ಸ್ವಿಚ್ ಒತ್ತಿದ್ರೆ ಅದು ಪೂಜೆ ಅಲ್ಲ, ಹಾಜರಿ ತಗೊಂಡ ಹಾಗೆ.

ವಿಜಯದಶಮಿ ಆಗಿ ಇಪ್ಪತ್ತು ದಿನಕ್ಕೆ ದೀಪಾವಳಿ ಬಂದೇ ಬಿಡುತ್ತೆ. ಮತ್ತೆ ಊರಿಗೆ ಹೋಗ್ತೀವಿ, ಮತ್ತೆ ಸೋಫಾ, ಮತ್ತೆ ಫೋನು. ಈ ಸಲ ಮೂರೇ ಕೆಲಸ ಮಾಡೋಣ. ಒಂದು, ಒಂದು ಹೊತ್ತಿನ ಅಡುಗೆ ನಮ್ಮದು. ಎರಡು, ಸಾಸಿವೆ ಎಲ್ಲಿದೆ ಅಂತ ಕೇಳಬಾರದು, ಮುಂಚೇನೇ ಹೋಗಿ ಡಬ್ಬಿಗಳನ್ನ ನೋಡಿಟ್ಕೋಬೇಕು. ಮೂರು, ಪಾತ್ರೆ ತೊಳೆದಾದ ಮೇಲೆ ಮಾತ್ರ ಸ್ಟೋರಿ. ಹುಡುಗರೇ, ಇದು ನಿಮಗೆ ಎರಡು ಸಲ ಹೇಳಿದ್ದು ಅಂತ ಅಂದ್ಕೊಳ್ಳಿ.

ಇಂಟರ್ನಲ್ಸ್ ಹೇಗಾಯ್ತು ಅಂತ ಕೇಳಬೇಡಿ. ಎಲ್ಲಾ ಪುಸ್ತಕ ಪೂಜೆಗೆ ಇಟ್ಟಿದ್ದೆನಲ್ಲ, ಸರಸ್ವತಿ ನೋಡ್ಕೋತಾಳೆ ಅಂದ್ಕೊಂಡಿದ್ದೆ. ಅವಳಿಗೂ ಅವತ್ತು ರಜೆ ಇತ್ತು ಅನ್ಸುತ್ತೆ.

ನಿಮ್ಮ ಮನೇಲಿ ಎಷ್ಟು ಹುಣಸೆ ಬೀಜ ಆಯ್ತು? ದೀಪಾವಳಿ ಮುಗಿಸ್ಕೊಂಡು ಬಂದು ಕಮೆಂಟಲ್ಲಿ ಬರೀರಿ. ಹದಿನೇಳಕ್ಕಿಂತ ಕಡಿಮೆ ಬಂದವರಿಗೆ ಕ್ಯಾಂಟೀನಲ್ಲಿ ನನ್ನ ಕಡೆಯಿಂದ ಒಂದು ಟೀ.

#ದಸರಾರಜೆ #ಆಯುಧಪೂಜೆ #ಮೈಸೂರುಹುಡುಗಿ #ಹದಿನೇಳುಬೀಜ